ಚೆಂಡಿನ ಹೊಲದಲ್ಲಿ ಕುಳಿತವಳು

ದೆವ್ವ, ಪೀಡೆ, ಗಾಳಿ ಸೋಕುವುದು ಇವೆಲ್ಲ ಕೆಲಸವಿಲ್ಲದವರ ಹರಟೆ ಎಂದು ನಾನು ಎಷ್ಟು ಜನರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ನಮ್ಮವ್ವ ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವಳು. ಅಮಾವಾಸ್ಯೆಯ ದಿನ ಹುಣಸೆಮರದ ಕೆಳಗೆ ಹಾಯಬೇಡ ಎಂದು ಬಾಯಿ ನೋಯುವಷ್ಟು ಹೇಳುತ್ತಿದ್ದಳು. ನಾನು ಬೇಕೆಂದೇ ಹೋಗಿ ಅದೇ ಮರಕ್ಕೆ ಬೆನ್ನು ಹಚ್ಚಿ ಕುಳಿತು ಬರುತ್ತಿದ್ದೆ. ಹುಲಿಗಿಯ ಅಮ್ಮನ ಜಾತ್ರೆಗೆ ಹೋದಾಗ ಮೈತುಂಬಿ ಕುಣಿಯುವ ಹೆಂಗಸರನ್ನು ಕೈಕಟ್ಟಿ ನಿಂತು ನೋಡಿ, ಇವರಿಗೆ ಒಂದು ಹೊತ್ತು ಬಿಸಿ ಊಟ, ಒಂದು ರಾತ್ರಿ ಒಳ್ಳೆಯ ನಿದ್ದೆ ಸಿಕ್ಕರೆ ಎಲ್ಲ ಇಳಿಯುತ್ತದೆ ಎನ್ನುತ್ತಿದ್ದೆ. ಜೊತೆಗಿದ್ದವರು ನಾಸ್ತಿಕ ಎಂದು ಬಯ್ದರೆ ಒಳಗೊಳಗೆ ಹಿಗ್ಗುತ್ತಿದ್ದೆ.

ಈಗಲೂ ನಾನು ನಂಬುವವನಲ್ಲ. ಆದರೆ ನಂಬದವನಿಗೂ ಒಮ್ಮೆ ಏನೋ ಕಂಡುಬಿಟ್ಟರೆ ಅವನ ಗತಿ ಏನು? ಅದನ್ನು ಯಾರೂ ಹೇಳಿಕೊಡುವುದಿಲ್ಲ. ಇಂಥ ಸಂಗತಿ ಬರೆಯುವವರು ಸಾಮಾನ್ಯವಾಗಿ ಸರಿರಾತ್ರಿ, ಕಗ್ಗತ್ತಲು, ನಾಯಿ ಊಳಿಡುವುದು ಎಂದೆಲ್ಲ ಶುರು ಮಾಡುತ್ತಾರೆ. ನನ್ನ ಪಾಲಿಗೆ ಬಂದದ್ದು ಹಾಡುಹಗಲು, ನೆತ್ತಿಯ ಮೇಲೆ ಸೂರ್ಯ, ಸುತ್ತ ಚೊಕ್ಕಟವಾಗಿ ಕತ್ತರಿಸಿದ ಹುಲ್ಲು. ಹೆದರಲು ಅಲ್ಲಿ ಏನೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಾವೆಲ್ಲ ರಾಯಚೂರು ಜಿಲ್ಲೆಯವರು. ಮುನಿರಾಬಾದಿನಿಂದ ಕೊಪ್ಪಳದ ಕಡೆಗೆ ಬರುವಾಗ ಒಂದು ಕಾರ್ಖಾನೆ ಎದ್ದಿತ್ತು. ಈಗ ಅದು ಇಲ್ಲ, ಹೆಸರು ಕಟ್ಟಿಕೊಂಡು ಏನಾಗಬೇಕಿದೆ. ಕಾರ್ಖಾನೆಯ ಜೊತೆಗೆ ದೊಡ್ಡ ಕಾಲೊನಿಯನ್ನೂ ಕಟ್ಟಿದರು. ಸಾಲು ಸಾಲು ಮನೆಗಳು, ಡಾಂಬರು ರಸ್ತೆ, ಆಸ್ಪತ್ರೆ, ಕ್ಲಬ್ಬು. ಎಲ್ಲದರ ನಡುವೆ, ಮನೆಗಳ ಹಿತ್ತಿಲಿಗೆ ತಾಗಿದ ಹಾಗೆ, ಒಂದು ಗಾಲ್ಫ್ ಮೈದಾನ. ಹೌದು, ನಮ್ಮ ಸಜ್ಜೆ, ಜೋಳದ ಸೀಮೆಯಲ್ಲಿ ಗಾಲ್ಫ್ ಮೈದಾನ. ಹೊರಗಿನಿಂದ ಬಂದ ದೊಡ್ಡ ಸಾಹೇಬರಿಗೆ ಆ ಆಟ ಇಲ್ಲದಿದ್ದರೆ ಹೊತ್ತು ಹೋಗುತ್ತಿರಲಿಲ್ಲವಂತೆ. ಸುತ್ತಲಿನ ಹಳ್ಳಿಯವರು ಅದನ್ನು ಚೆಂಡಿನ ಹೊಲ ಎಂದು ಕರೆದರು. ಬಿತ್ತುವುದಿಲ್ಲ, ಬೆಳೆಯುವುದಿಲ್ಲ, ಮುಂಜಾನೆ ಎದ್ದು ಒಂದು ಚೆಂಡಿನ ಹಿಂದೆ ನಾಲ್ಕು ಜನ ನಡೆಯುತ್ತಾರೆ. ಮತ್ತೇನು ಅಂದಾರು?

ತೋಟಗಾರಿಕೆಯ ತರಬೇತಿ ಮುಗಿಸಿದ್ದ ನನಗೆ ಅಲ್ಲಿ ಸೂಪರ್‌ವೈಜರ್ ಕೆಲಸ ಸಿಕ್ಕಿತು. ಗಿಡ ನೆಡಿಸುವುದು, ನೀರು ಬಿಡಿಸುವುದು, ಮೈದಾನ ಕಾಯುವುದು. ನಮ್ಮ ಬಿಸಿಲಿಗೆ ಚೆಂಡು ಬೀಳಿಸುವ ಕುಳಿಯ ಸುತ್ತ ನುಣುಪು ಹುಲ್ಲು ನಿಲ್ಲುತ್ತಿರಲಿಲ್ಲ. ಅದಕ್ಕೆ ಸಣ್ಣ ಉಸುಕಿಗೆ ಲಾರಿಯ ಹಳೆಯ ಎಣ್ಣೆ ಕಲಸಿ, ಬಡಿದು, ಕುಳಿಯ ಸುತ್ತ ದುಂಡಗೆ ಹಾಸುತ್ತಿದ್ದೆವು. ಒಬ್ಬರ ಹೆಜ್ಜೆ ಮೂಡಿದರೂ ಮತ್ತೆ ಗೋರೆ ಎಳೆದು ನಯ ಮಾಡಬೇಕು. ಆ ಉಸುಕಿನ ಮೇಲೆ ಒಂದು ಕಾಗೆ ಕುಳಿತು ಹಾರಿದರೂ ಸಾಹೇಬರಿಗೆ ಗೊತ್ತಾಗುತ್ತಿತ್ತು, ಬೈಗುಳ ನನಗೆ ಬೀಳುತ್ತಿತ್ತು.

ಉಸುಕಿನ ಮಾತು ಬಿಡಿ. ನನ್ನ ಹೆಮ್ಮೆಯೆಲ್ಲ ಗಿಡಗಳ ಮೇಲೆ. ಬೇವು, ಹೊಂಗೆ, ಗುಲ್‌ಮೊಹರ್ ಎಲ್ಲ ನಾನೇ ನಿಂತು ನೆಡಿಸಿದ್ದು. ಹಗ್ಗ ಎಳೆದು, ಗೂಟ ಬಡಿದು, ಅಳತೆ ತಪ್ಪದ ಹಾಗೆ. ಒಂದೇ ಪಾತಿಯ ಸಸಿ, ಒಂದೇ ಎತ್ತರ. ಯಾವುದಾದರೂ ಸೊಟ್ಟ ಬೆಳೆದರೆ ಕಿತ್ತು ಬೇರೆ ನೆಡುತ್ತಿದ್ದೆ. ಕಾಲುವೆಯ ನೀರು ಕುಡಿದು ಆರೇಳು ವರ್ಷಕ್ಕೆ ಅವು ಕಾಡಿನ ಹಾಗೆ ಎದ್ದವು. ಆದರೂ ಒಂದು ತುದಿಯಲ್ಲಿ ನಿಂತು ನೋಡಿದರೆ ಸಾಲಿನ ಮೊದಲ ಮರದ ಹಿಂದೆ ಉಳಿದ ಮರಗಳೆಲ್ಲ ಅಡಗಿಬಿಡುತ್ತಿದ್ದವು. ಬಂದ ಅತಿಥಿಗಳು ಬೆನ್ನು ತಟ್ಟಿದಾಗಲೆಲ್ಲ ನಾನು ಒಂದು ಗೇಣು ಎತ್ತರ ಆಗುತ್ತಿದ್ದೆ.

ಆ ಮೈದಾನದ ಒಂದು ಭಾಗ, ಏಳನೆಯ ಕುಳಿಯ ಕಡೆಯದು, ಫಕೀರಪ್ಪ ಎನ್ನುವ ರೈತನ ಹೊಲವಾಗಿತ್ತು. ಪಕ್ಕದ ಹಳ್ಳಿಯವನು. ಐದು ಎಕರೆ ಕಪ್ಪು ಮಣ್ಣಿನ ಎರೆಹೊಲ, ಒಂದು ಬಾವಿ. ಹೊಲ ಕೊಟ್ಟ ದುಡ್ಡಿನ ಬಗ್ಗೆ ಅವನು ಎಂದೂ ನನ್ನ ಮುಂದೆ ತಕರಾರು ತೆಗೆಯಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂದು ಅವನು ಕೇಳಿದ್ದು ಒಂದೇ ಮಾತು. ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಒಂದು ಕಲ್ಲು ನಿಲ್ಲಿಸಿದ್ದೇವೆ, ಅದನ್ನು ತೆಗೆಸಬೇಡಿ ಎಂದ. ಅವನ ಆರು ವರ್ಷದ ಮಗಳು ನೀಲವ್ವ ಜ್ವರ ಬಂದು ಸತ್ತಿದ್ದಳು. ಅವರ ಪೈಕಿಯಲ್ಲಿ ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುವ ರೂಢಿ. ಒಬ್ಬಳೇ ಮಗಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಒಂದು ಸಲ ಅವನ ಜೊತೆ ಹೋಗಿ ಆ ಕಲ್ಲು ನೋಡಿ ಬಂದೆ. ಅರಿಶಿನ ಹಚ್ಚಿದ ಮೊಣಕಾಲೆತ್ತರದ ಕಲ್ಲು. ಇದೇನು ದೊಡ್ಡ ಮಾತು, ಇದರ ಸುತ್ತ ಗಿಡ ನೆಟ್ಟರಾಯಿತು ಎಂದು ಭರವಸೆ ಕೊಟ್ಟೆ. ಕೊಡುವಾಗ ನಿಜವಾಗಿಯೂ ಮನಸ್ಸಿನಲ್ಲಿ ಹಾಗೇ ಇತ್ತು. ಆದರೆ ನೆಲ ಸಮ ಮಾಡಲು ಬುಲ್‌ಡೋಜರ್ ಬಂದ ವಾರ ನಾನು ಸಸಿ ತರಲು ಗಂಗಾವತಿಗೆ ಹೋಗಿದ್ದೆ. ಡ್ರೈವರಿಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಮರೆತೆ. ಮರೆಯಿತು ಅಷ್ಟೆ, ಅದಕ್ಕೆ ಬೇರೆ ಕಾರಣವಿಲ್ಲ. ಬಂದು ನೋಡಿದರೆ ಬನ್ನಿ ಇಲ್ಲ, ಒಡ್ಡು ಇಲ್ಲ, ಬಾವಿ ಮುಚ್ಚಿದೆ, ಕಲ್ಲು ಯಾವ ಗುಂಡಿ ಸೇರಿತೋ. ಮೇಲೆ ಬೇರೆ ಕಡೆಯಿಂದ ಲಾರಿಯಲ್ಲಿ ತಂದ ಕೆಂಪು ಮಣ್ಣು ಹಾಸಿ ರೋಲರ್ ಹೊಡೆದಿದ್ದರು. ಎಲ್ಲಿ ಏನಿತ್ತು ಎಂದು ಹೇಳಲು ಸ್ವತಃ ಫಕೀರಪ್ಪನಿಗೂ ಸಾಧ್ಯವಿರಲಿಲ್ಲ.

ಅವನು ಬಂದು ಬೇಲಿಯ ಆಚೆ ನಿಂತ. ನನಗೆ ಮುಖ ತೋರಿಸಲು ನಾಚಿಕೆ. ಆ ನಾಚಿಕೆಗೆ ಒಂದು ಸುಳ್ಳು ಹುಟ್ಟಿತು. ಕಲ್ಲು ತೆಗೆದಿದ್ದಾರೆ ನಿಜ, ಆದರೆ ಜಾಗಕ್ಕೆ ನಾನು ಗುರುತು ಇಟ್ಟುಕೊಂಡಿದ್ದೇನೆ, ನೀನೇನೂ ಹೆದರಬೇಡ ಕಾಕಾ ಎಂದುಬಿಟ್ಟೆ. ಅವನು ನಂಬಿದ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು, ಎರಡೂ ಕೈ ಜೋಡಿಸಿದ. ಆ ಸುಳ್ಳಿನಿಂದ ಆ ಹೊತ್ತಿಗೆ ಇಬ್ಬರಿಗೂ ಸಮಾಧಾನವಾಯಿತು.

ಇನ್ನು ಎಳ್ಳಮಾವಾಸ್ಯೆಯ ಮಾತು ಹೇಳಬೇಕು. ನಮ್ಮ ಕಡೆ ಆ ದಿನ ಮನೆ ಮನೆಯ ಹೆಂಗಸರು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಲೆ ಮಾಡಿ ಬುಟ್ಟಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಎಡೆ ಹಿಡಿದು, ಹೊಲದ ತುಂಬ ಚರಗ ಚೆಲ್ಲಿ, ಅಂದರೆ ಆ ಅಡಿಗೆಯನ್ನು ಬೆಳೆಯ ಮೇಲೆ ತೂರಿ, ಆಮೇಲೆ ಎಲ್ಲರೂ ಅಲ್ಲೇ ಕುಳಿತು ಉಣ್ಣುತ್ತಾರೆ. ಹೊಲ ಹೋದವರಿಗೆ ಆ ದಿನ ಎಲ್ಲಿಗೆ ಹೋಗಬೇಕು ತಿಳಿಯುವುದಿಲ್ಲ. ಫಕೀರಪ್ಪನ ಹೆಂಡತಿ ಗಂಗವ್ವ ಬುಟ್ಟಿ ಹೊತ್ತುಕೊಂಡು ನಮ್ಮ ಗೇಟಿಗೆ ಬಂದಳು. ಮಗಳಿಗೆ ಉಣ್ಣಿಸಿ ಹೋಗುತ್ತೇನೆ ಎಂದಳು. ನಾನೂ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು, ಒಳಗೆ ಬಿಟ್ಟೆ. ಏಳನೆಯ ಕುಳಿಯ ಹತ್ತಿರ ಮನಸ್ಸಿಗೆ ತೋಚಿದ ಒಂದು ಜಾಗ ತೋರಿಸಿದೆ. ಅವಳು ಅಲ್ಲಿ ಚರಗ ಚೆಲ್ಲಿ, ನಾಲ್ಕು ತುತ್ತು ಉಂಡು, ಬುಟ್ಟಿಯಲ್ಲಿ ಉಳಿದದ್ದನ್ನು ನನಗೂ ಕೊಟ್ಟು ಹೋದಳು. ಹೋಳಿಗೆ ಭಾಳ ರುಚಿಯಾಗಿತ್ತು.

ಆ ರಾತ್ರಿ ಚೆಲ್ಲಿದ ಅನ್ನದ ವಾಸನೆಗೆ ನಾಯಿಗಳು ನುಗ್ಗಿ ಎಣ್ಣೆಯ ಉಸುಕನ್ನೆಲ್ಲ ಕೆದರಿ ಹಾಕಿದವು. ದೊಡ್ಡ ಸಾಹೇಬರು ನನ್ನನ್ನು ಎಲ್ಲರೆದುರು ನಿಲ್ಲಿಸಿ ಕೆಲಸ ಬೇಕೋ ಬೇಡವೋ ಎಂದು ಕೇಳಿದರು. ಮರುವರ್ಷ ಗಂಗವ್ವ ಬಂದಾಗ ಗೇಟಿನಿಂದಲೇ ತಿರುಗಿ ಕಳಿಸಿದೆ. ಅವಳು ಜಗಳ ಆಡಲಿಲ್ಲ. ಗೇಟಿನ ಹತ್ತಿರ ಇಳಿಸಿದ್ದ ಬುಟ್ಟಿಯನ್ನು ಮತ್ತೆ ಹೊತ್ತುಕೊಂಡು ಹೊರಟುಹೋದಳು. ಆ ವರ್ಷವೇ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಸುದ್ದಿ ಬಂತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ಒಂದು ಸಲ ನೋಡಲು ಹೋಗಿದ್ದೆ. ಎದ್ದು ಕೂರಲೂ ಆಗುತ್ತಿರಲಿಲ್ಲ. ನನ್ನ ಕಡೆ ನೋಡಿ ಮಾತಾಡಿದಳು, ಧ್ವನಿ ಮಾತ್ರ ಗಟ್ಟಿ ಇತ್ತು.

"ನನ್ನ ಅಲ್ಲೇ ಮಣ್ಣ ಮಾಡ್ರಿ ಅನ್ನಂಗಿಲ್ರಿ ಸಾಹೇಬ್ರ, ನಿಮ್ಮವ್ರು ಬಿಡಂಗಿಲ್ಲ, ನನಗ ತಿಳಿತೈತಿ. ನನ್ನ ಮಗಳ ಜಾಗದಾಗಿನ ಮಣ್ಣು ಒಂದು ಹಿಡಿ ನನ್ನ ಉಡ್ಯಾಗ ಹಾಕಿಸ್ರಿ. ಜಾಗ ನಿಮಗೊಬ್ಬರಿಗೇ ಗೊತ್ತೈತಿ."

ಮುತ್ತೈದೆ ಸತ್ತರೆ ಮಣ್ಣಿಗಿಡುವ ಮುಂಚೆ ಅವಳ ಉಡಿ ತುಂಬುತ್ತಾರೆ. ಸೀರೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕುತ್ತಾರೆ. ಅದರ ಜೊತೆಗೆ ತನ್ನ ಮಗಳ ಮಣ್ಣು ಬೇಕು ಎಂದು ಅವಳ ಆಸೆ. ಹೂಂ ಎಂದು ತಲೆ ಅಲ್ಲಾಡಿಸಿ ಬಂದೆ. ಇಲ್ಲವ್ವಾ, ನನಗೆ ಗೊತ್ತಿಲ್ಲ, ಸುಳ್ಳು ಹೇಳಿದ್ದೆ ಎನ್ನಲು ಆಗ ಎಷ್ಟು ಉಸಿರು ಬೇಕಿತ್ತು? ಅಷ್ಟೂ ನನ್ನಲ್ಲಿ ಇರಲಿಲ್ಲ.

ಅದಾದ ಮೇಲೆ ಮೂರು ತಿಂಗಳಿಗೆ ಎಳ್ಳಮಾವಾಸ್ಯೆ ಬಂತು. ಆ ದಿನ ಕ್ಲಬ್ಬಿನಲ್ಲಿ ಹೊರಗಿನ ಅತಿಥಿಗಳ ಆಟವಿತ್ತು. ಮುಂಜಾನೆಯ ಆಟ ಮುಗಿದು ಎಲ್ಲರೂ ಊಟಕ್ಕೆ ಒಳಗೆ ಹೋಗಿದ್ದರು. ಮಾಲಿಗಳನ್ನು ಊಟಕ್ಕೆ ಬಿಟ್ಟು, ನಾನೊಬ್ಬನೇ ಸೈಕಲ್ ಹತ್ತಿ ಮೈದಾನ ಸುತ್ತುತ್ತಿದ್ದೆ. ಮಟಮಟ ಮಧ್ಯಾಹ್ನ. ಚಳಿಗಾಲದ ಬಿಸಿಲು, ಅಷ್ಟೇನೂ ಚುರುಕಿರಲಿಲ್ಲ. ಏಳನೆಯ ಕುಳಿಯ ಹುಲ್ಲಿನ ಪಟ್ಟಿಗೆ ಬಂದಾಗ ದೂರದಲ್ಲಿ ಒಬ್ಬ ಹೆಂಗಸು ಕಂಡಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಗೆ ಬಿಳಿ ಬಟ್ಟೆ. ಬೇಲಿಯ ಕಡೆಯಿಂದ ಒಳಗೆ ನಡೆದು ಬರುತ್ತಿದ್ದಳು. ಆ ಬದಿಯಲ್ಲಿ ಗೇಟಿಲ್ಲ.

ಎಲ್ಲಿಂದ ನುಗ್ಗಿದಳಪ್ಪಾ ಇವಳು ಎಂದು ಸೈಕಲ್ ನಿಲ್ಲಿಸಿದೆ. ಕೂಗಬೇಕು ಎನ್ನುವಷ್ಟರಲ್ಲಿ ಅವಳ ನಡಿಗೆ ನೋಡಿ ಬಾಯಿ ಹಾಗೇ ನಿಂತಿತು. ಸಪಾಟಾದ ಹುಲ್ಲಿನ ಮೇಲೆ ಬರುತ್ತಿದ್ದವಳು ಒಂದು ಕಡೆ ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲು ಎತ್ತರಕ್ಕೆ ಇಟ್ಟು ಏನನ್ನೋ ಹತ್ತಿದಳು, ಮತ್ತೆ ಇಳಿದಳು. ಅಲ್ಲಿ ಹತ್ತಲು ಏನೂ ಇರಲಿಲ್ಲ. ಮುಂದೆ ನೇರ ಬರಬಹುದಾಗಿದ್ದರೂ ಬರಲಿಲ್ಲ, ದೊಡ್ಡದಾಗಿ ಸುತ್ತು ಹಾಕಿ ಬಂದಳು. ಬಳಸಿ ಬರಲೂ ಅಲ್ಲಿ ಏನೂ ಇರಲಿಲ್ಲ. ನನ್ನ ಬೇವಿನ ಸಾಲಿನ ಹತ್ತಿರ ಬಂದು, ಬುಟ್ಟಿಗೆ ಒಂದು ಕೈ ಕೊಟ್ಟು, ಮೊಣಕಾಲು ಮಡಚಿ ಚೆನ್ನಾಗಿ ಬಗ್ಗಿದಳು. ತಲೆಗೆ ತಾಗುವ ಟೊಂಗೆಯೂ ಅಲ್ಲಿ ಇರಲಿಲ್ಲ. ಕೆಳಗಿನ ಟೊಂಗೆಗಳನ್ನು ನಾನೇ ಕಡಿಸಿದ್ದೆ.

ಹುಚ್ಚಿ ಇರಬೇಕು ಎಂದುಕೊಂಡೆ. ಅವಳು ಒಂದು ಬೇವಿನ ಪಕ್ಕದಲ್ಲಿ ಬುಟ್ಟಿ ಇಳಿಸಿ, ನನಗೆ ಬೆನ್ನು ಮಾಡಿ ನೆಲಕ್ಕೆ ಕುಳಿತಳು. ದಾರಿ ನಡೆದು ಬಂದವರು ಸಾಕಪ್ಪಾ ಎಂದು ಕೂರುತ್ತಾರಲ್ಲ, ಹಾಗೆ ಕುಳಿತಳು. ಬುಟ್ಟಿಯ ಬಟ್ಟೆಯ ಗಂಟಿಗೆ ಕೈ ಹಾಕಿದಳು. ಆಗ ನನಗೆ ನಾಯಿಗಳು ನೆನಪಾದವು. ಸಾಹೇಬರು ಊಟ ಮುಗಿಸಿ ಬರುತ್ತಾರೆ, ಉಸುಕಿನ ಹತ್ತಿರ ಅನ್ನ ಬಿದ್ದರೆ ಈ ಸಲ ನನ್ನ ಕೆಲಸ ಉಳಿಯುವುದಿಲ್ಲ. ಬಾಯಿಗೆ ಬಂದ ಹಾಗೆ ಕೂಗಿದೆ.

"ಏ, ಯಾರಬೇ ಆಕಿ? ಏಳು, ಏಳಲ್ಲಿಂದ! ಇಲ್ಲಿ ಕುಂದ್ರಂಗಿಲ್ಲ!"

ಅವಳು ತಿರುಗಿ ನೋಡಲಿಲ್ಲ. ಗಂಟಿನ ಮೇಲಿದ್ದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನೆಲಕ್ಕೆ ಕೈ ಊರಿ ಎದ್ದಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಬೇವಿನ ಮರಗಳ ನಡುವೆ ನಡೆದುಹೋದಳು. ನಾನು ಸೈಕಲ್ ತುಳಿದು ಅಲ್ಲಿಗೆ ಹೋಗುವಷ್ಟರಲ್ಲಿ ಯಾರೂ ಇರಲಿಲ್ಲ. ಬೇಲಿಯ ಉದ್ದಕ್ಕೂ ನೋಡಿದೆ, ತಂತಿ ಎಲ್ಲೂ ಸಡಿಲಾಗಿರಲಿಲ್ಲ. ಆಚೆ ಕುಳಿತಿದ್ದ ವಾಚ್‌ಮನ್ ಯಾರೂ ಹೋಗಿಲ್ಲ, ಬಂದಿಲ್ಲ ಎಂದ. ನಿಜ ಹೇಳುತ್ತೇನೆ, ಆಗ ನನಗೆ ಒಂದು ಕೂದಲಿನಷ್ಟೂ ಹೆದರಿಕೆ ಆಗಲಿಲ್ಲ. ವಾಚ್‌ಮನ್ ನಿದ್ದೆ ಹೊಡೆದಿದ್ದಾನೆ ಎಂದು ಅವನ ಮೇಲೆ ಸಿಟ್ಟು ಬಂತು.

ಮೂರೂವರೆಯ ಹೊತ್ತಿಗೆ ಫಕೀರಪ್ಪ ಗೇಟಿಗೆ ಬಂದ. ಹೆಗಲ ಮೇಲೆ ಒಂದು ಹೊಸ ಟವೆಲ್ಲು. ಕಣ್ಣು ಕೆಂಪಗಾಗಿದ್ದವು.

"ಗಂಗವ್ವ ಹೋದ್ಲ್ರಿ" ಎಂದ. "ಬೆಳಕ ಹರಿಯೋ ಮುಂದ. ಹೊತ್ತು ಮುಳುಗೋದ್ರಾಗ ಮಣ್ಣ ಮಾಡ್ಬೇಕ್ರಿ. ಆ ಒಂದು ಹಿಡಿ ಮಣ್ಣು ಕೊಡ್ರಿ, ಒಯ್ತೀನಿ."

ಅವನು ಟವೆಲ್ಲು ತಂದದ್ದು ಆ ಮಣ್ಣು ಕಟ್ಟಿಕೊಳ್ಳಲು. ಕಾಲು ಎಳೆದುಕೊಂಡು ಅವನನ್ನು ಏಳನೆಯ ಕುಳಿಯ ಕಡೆಗೆ ಕರೆದುಕೊಂಡು ಹೊರಟೆ. ಎಲ್ಲಿ ತೋರಿಸಲಿ, ಏನು ಹೇಳಲಿ? ಎರಡು ವರ್ಷದ ಹಿಂದೆ ಗಂಗವ್ವನಿಗೆ ತೋರಿಸಿದ ಜಾಗವೂ ನೆನಪಿರಲಿಲ್ಲ. ದಾರಿಯಲ್ಲಿ ಸುಮ್ಮನಿರಲಾರದೆ, ಮಧ್ಯಾಹ್ನ ನಿಮ್ಮೂರಿನ ಯಾವಳೋ ಬುಟ್ಟಿ ಹೊತ್ತು ಬಂದಿದ್ದಳು ಕಾಕಾ, ತಲೆ ಕೆಟ್ಟವಳ ಹಾಗೆ ನಡೆಯುತ್ತಿದ್ದಳು ಎಂದು ಕಂಡದ್ದನ್ನು ಹೇಳುತ್ತ ನಡೆದೆ. ಮಾತು ಬೇರೆ ಕಡೆ ತಿರುಗಲಿ ಎಂಬುದಷ್ಟೇ ನನ್ನ ಉದ್ದೇಶ. ಅವಳು ಹತ್ತಿ ಇಳಿದದ್ದು, ಸುತ್ತು ಹಾಕಿದ್ದು, ಬಗ್ಗಿದ್ದು ಎಲ್ಲ ಹೇಳಿದೆ. ಬೈದು ಎಬ್ಬಿಸಿದ್ದನ್ನು ಮಾತ್ರ ಹೇಳಲಿಲ್ಲ.

ಫಕೀರಪ್ಪ ನಿಂತುಬಿಟ್ಟ. ಇನ್ನೊಮ್ಮೆ ಹೇಳಿ ಎಂದ. ಮತ್ತೆ ಹೇಳಿದೆ. ಅವನು ಮೆಲ್ಲಗೆ ಒಂದೊಂದಕ್ಕೇ ಅರ್ಥ ಹೇಳಿದ. ಬೇಲಿಯ ಕಡೆಯಿಂದ ಬಂದರೆ ಮೊದಲು ಸಿಗುವುದು ಒಡ್ಡು, ಅದನ್ನು ಹತ್ತಿ ಇಳಿಯಬೇಕು. ಆಮೇಲೆ ಬಾವಿ, ಅದರ ಕಟ್ಟೆ ಬಳಸಿ ಬರಬೇಕು. ಆಮೇಲೆ ಬನ್ನಿಗಿಡದ ಒಂದು ಟೊಂಗೆ ತಗ್ಗಾಗಿ ಬಾಗಿತ್ತು, ಬುತ್ತಿ ತರುವಾಗ ತಲೆಯ ಬುಟ್ಟಿಗೆ ತಾಗಬಾರದೆಂದು ಗಂಗವ್ವ ಅಲ್ಲಿ ಬಗ್ಗಿಯೇ ಬರುತ್ತಿದ್ದಳು. ಆ ಟೊಂಗೆ ದಾಟಿದರೆ ಮಗಳ ಕಲ್ಲು.

ಓದುಗರೇ, ಆಗ ನನ್ನ ಮೈ ತಣ್ಣಗಾಯಿತು. ನಾನು ಆ ಹೆಂಗಸನ್ನು ಕಂಡ ಹೊತ್ತಿಗೆ ಗಂಗವ್ವ ಸತ್ತು ಆರು ತಾಸು ಆಗಿತ್ತು, ಮನೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು, ಊರೆಲ್ಲ ಅಲ್ಲಿ ಸೇರಿತ್ತು. ಫಕೀರಪ್ಪ ಅಳಲಿಲ್ಲ, ಬೆರಗೂ ಪಡಲಿಲ್ಲ. ನನ್ನ ತೋಳು ಹಿಡಿದು ಒಂದೇ ಪ್ರಶ್ನೆ ಕೇಳಿದ.

"ಎಲ್ಲಿ ಕುಂತ್ಲ್ರಿ?"

ಎಲ್ಲಿ ಕುಳಿತಳು? ನಾನು ಸಾಲಿನ ಕಡೆ ನೋಡಿದೆ. ಹದಿನೆಂಟು ಬೇವು. ಹಗ್ಗ ಎಳೆದು ನೆಟ್ಟ, ಒಂದೇ ದಪ್ಪದ, ಒಂದೇ ಎತ್ತರದ, ಒಂದೇ ಅಳತೆಗೆ ಟೊಂಗೆ ಕಡಿಸಿದ ಹದಿನೆಂಟು ಬೇವು. ಎರಡು ಮರಗಳ ನಡುವೆ ಒಂದು ವ್ಯತ್ಯಾಸ ಸಿಗಲೆಂದು ಕಣ್ಣು ಅರಳಿಸಿ ಹುಡುಕಿದೆ. ಒಂದು ಸೊಟ್ಟ ಟೊಂಗೆ, ಒಂದು ಗಂಟು, ಒಂದು ಹುತ್ತ, ಏನಾದರೂ ಇರಬಾರದೇ! ಇರಲು ನಾನು ಬಿಟ್ಟಿರಲಿಲ್ಲ. ಸೈಕಲ್ ನಿಲ್ಲಿಸಿದ್ದ ಜಾಗಕ್ಕೆ ಓಡಿಹೋಗಿ ಅಲ್ಲಿಂದ ನೋಡಿದೆ. ಆ ಜಾಗವೂ ಖಚಿತವಿಲ್ಲ. ಐದನೆಯದು ಅನಿಸಿತು, ಎಂಟನೆಯದು ಅನಿಸಿತು, ಮತ್ತೆ ನಡುವಿನವೂ ಅನಿಸಿದವು. ಕತ್ತರಿಸಿದ ಹುಲ್ಲಿನ ಮೇಲೆ ಒಂದು ಗುರುತೂ ಇರಲಿಲ್ಲ. ಅವಳು ಕುಳಿತ ಹೊತ್ತಿನಲ್ಲಿ ನನ್ನ ಗಮನವೆಲ್ಲ ಅವಳನ್ನು ಓಡಿಸುವುದರ ಮೇಲೆ ಇತ್ತು. ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನೋಡಿದ್ದರೆ, ನಡೆದು ಹತ್ತಿರ ಹೋಗಿದ್ದರೆ, ಜಾಗ ಸಿಗುತ್ತಿತ್ತು. ತೋರಿಸಲೆಂದೇ ಬಂದಂತೆ ಬಂದು ಕುಳಿತಿದ್ದಳಲ್ಲ.

ಹೊತ್ತು ಇಳಿಯುತ್ತಿತ್ತು. ಊರಿನಲ್ಲಿ ಹೆಣ ಕಾಯುತ್ತಿತ್ತು. ಫಕೀರಪ್ಪ ಟವೆಲ್ಲು ಹಿಡಿದು ನಿಂತಿದ್ದ. ನಾನು ಏಳನೆಯ ಬೇವಿನ ಬುಡಕ್ಕೆ ಹೋಗಿ "ಇಲ್ಲೇ ಕಾಕಾ" ಎಂದೆ.

ಅವನು ಮೊಣಕಾಲೂರಿ ಒಂದು ಹಿಡಿ ಮಣ್ಣು ತೆಗೆದ. ಕೆಂಪು ಮಣ್ಣು. ಅಂಗೈಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿ, "ನಮ್ಮದು ಎರಿ ಹೊಲ ಅಲ್ಲೇನ್ರಿ?" ಎಂದ. ನಾನು ಮಾಲಿಗಳ ಕೊಟ್ಟಿಗೆಯಿಂದ ಹಾರೆ ತಂದೆ. ಹುಲ್ಲು ಕಿತ್ತು ಅಗೆದೆ, ಸಾಹೇಬರು ನೋಡಿದರೆ ನೋಡಲಿ ಎಂದು ಅಗೆದೆ. ಮೊಣಕೈ ಆಳಕ್ಕೆ ಹೋದ ಮೇಲೆ ಕಪ್ಪು ಮಣ್ಣು ಹತ್ತಿತು. ಫಕೀರಪ್ಪ ಅದನ್ನು ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ತಮ್ಮ ಹೊಲದ್ದೇ ಎಂದು ತಲೆಯಾಡಿಸಿದ. ಟವೆಲ್ಲಿನಲ್ಲಿ ಕಟ್ಟಿಕೊಂಡ. ಹೊಲದ ಮಣ್ಣು ಹೌದು. ಐದು ಎಕರೆಯಲ್ಲಿ ಎಲ್ಲಿ ಅಗೆದರೂ ಅದೇ ಬರುತ್ತಿತ್ತು. ಆರು ವರ್ಷದ ಹುಡುಗಿ ಇದ್ದದ್ದು ಅದರಲ್ಲಿ ಒಂದು ಮಾರು ಜಾಗದಲ್ಲಿ.

ನಾನೂ ಊರಿಗೆ ಹೋದೆ. ಹೋಗದಿರಲು ಆಗಲಿಲ್ಲ. ಗಂಗವ್ವನ ಹಣೆಗೆ ವಿಭೂತಿ ಹಚ್ಚಿ, ಹಸಿರು ಸೀರೆ ಉಡಿಸಿದ್ದರು. ಮುಖ ಬತ್ತಿ ಚಿಕ್ಕದಾಗಿತ್ತು. ನಾನು ಕಂಡದ್ದು ಇವಳನ್ನೇ ಎಂದು ಹೇಳಲಾರೆ, ಮಧ್ಯಾಹ್ನ ನಾನು ಮುಖವನ್ನೇ ಕಂಡಿರಲಿಲ್ಲ. ಗುಣಿಗೆ ಇಳಿಸುವ ಮುಂಚೆ ಉಡಿ ತುಂಬಿದರು. ಫಕೀರಪ್ಪ ಟವೆಲ್ಲು ಬಿಚ್ಚಿ ಕಪ್ಪು ಮಣ್ಣನ್ನು ಅಕ್ಕಿಯ ಮೇಲೆ ಹಾಕಿ, ಅವಳ ಕಿವಿಯ ಹತ್ತಿರ ಬಗ್ಗಿ, "ತಗೋ, ನೀಲವ್ವ ಬಂದಾಳ" ಎಂದ. ನಾನು ಅಲ್ಲಿ ನಿಂತು ಕೇಳಿದೆ. ಭೂಮಿ ಬಾಯಿ ಬಿಡಬಾರದೇ ಎಂದು ಎಲ್ಲರೂ ಅನ್ನುತ್ತಾರೆ, ನನಗೆ ಆ ದಿನ ನಿಜವಾಗಿಯೂ ಹಾಗೆ ಅನಿಸಿತು.

ಆಮೇಲೆ ಎಷ್ಟೋ ವಿಚಾರ ಮಾಡಿದ್ದೇನೆ. ಹೊಲ ಕೆಡಿಸುವ ಮುಂಚೆ ಒಂದು ಸಲ ನಾನು ಅಲ್ಲಿ ನಡೆದಿದ್ದೆನಲ್ಲ. ಒಡ್ಡು, ಬಾವಿ, ಟೊಂಗೆ ಎಲ್ಲ ನನ್ನ ತಲೆಯಲ್ಲೇ ಎಲ್ಲೋ ಉಳಿದಿರಬಹುದು, ತಪ್ಪು ಮಾಡಿದ ಮನಸ್ಸು ಹಾಡುಹಗಲಲ್ಲಿ ಅದನ್ನೇ ಎದುರಿಗೆ ನಿಲ್ಲಿಸಿರಬಹುದು. ಹಾಗಿದ್ದರೆ ಆ ದಿನವೇ ಏಕೆ? ಅವಳು ಸತ್ತದ್ದು ನನಗೆ ಗೊತ್ತೇ ಇರಲಿಲ್ಲ. ಊರಿನ ಬೇರೆ ಹೆಂಗಸು ಇರಬಹುದೇ ಎಂದು ಮನೆ ಮನೆಗೆ ಹೋಗಿ ವಿಚಾರಿಸಿದೆ. ಸಾವಿನ ಮನೆ ಬಿಟ್ಟು ಆ ಹೊತ್ತಿಗೆ ಯಾರೂ ಎಲ್ಲಿಗೂ ಹೋಗಿರಲಿಲ್ಲ. ಮರುವರ್ಷ, ಅದರ ಮರುವರ್ಷ, ಎಳ್ಳಮಾವಾಸ್ಯೆಯ ದಿನ ಮುಂಜಾನೆಯಿಂದ ಸಂಜೆಯವರೆಗೆ ಬೇವಿನ ಸಾಲಿನ ಎದುರು ಬಾಯಿ ಮುಚ್ಚಿಕೊಂಡು ಕುಳಿತೆ. ಯಾರೂ ಬರಲಿಲ್ಲ. ಮೂರನೆಯ ವರ್ಷ ಕೆಲಸ ಬಿಟ್ಟೆ. ಅಲ್ಲಿ ಕಂಡದ್ದೇನು ಎಂದು ಇವತ್ತು ಕೇಳಿದರೂ ನನಗೆ ಗೊತ್ತಿಲ್ಲ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಆ ಸಂಜೆ ಮಣ್ಣು ಕೊಟ್ಟು ಎಲ್ಲರೂ ಹಳ್ಳದಲ್ಲಿ ಕಾಲು ತೊಳೆದುಕೊಂಡು ತಿರುಗಿದಾಗ ಫಕೀರಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಆಕಿ ಕುಂತು, ಆಮ್ಯಾಲ ಏನ್ ಮಾಡಿದ್ಲ್ರಿ? ತಾನಾ ಎದ್ದು ಹೋದ್ಲೇನು?"

"ಹೂಂ ಕಾಕಾ, ತಾನಾ ಎದ್ಲು" ಎಂದೆ.

ಅವನ ಮುಖ ಆ ಇಡೀ ದಿನದಲ್ಲಿ ಮೊದಲ ಸಲ ಸಡಿಲಾಯಿತು. ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

"ಹಂಗಾರ ಮಗಳ ಕೂಡ ಉಂಡು ಎದ್ದಾಳ ಬಿಡ್ರಿ" ಎಂದ.

ನಾನು ಅದಕ್ಕೂ ಹೂಂ ಎಂದೆ. ಅವಳು ಯಾರೇ ಆಗಿರಲಿ, ಉಂಡಿರಲಿಲ್ಲ. ಉಣ್ಣಲು ಕುಳಿತವಳನ್ನು ನಾನು ಎಬ್ಬಿಸಿ ಕಳಿಸಿದ್ದೆ.